ಕೂಲಿಕಾರನು ಲೋಕಸಭೆಗೆ ನಿಲ್ಲಬಹುದೇ?

(ಗ್ರಾಮ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ವಾಚನಾಲಯದ ಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ. ಶಿಕ್ಷಕರ ತರಬೇತಿಯ ಪ್ರಮಾಣಪತ್ರವೊಂದನ್ನು ಪಡೆದು, ಮೂರು ದಶಕಗಳಿಂದ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದೇ ನಮ್ಮ ಒಟ್ಟು ಬಂಡವಾಳ. ಆದಕಾರಣ ಘನವಾದ ವಿಷಯವನ್ನು ಬಿಟ್ಟು, ಇದೇ ಕಟ್ಟೆಯ ಮೇಲೆ ನಡೆದ ಒಂದು ಚಿಕ್ಕ ಪ್ರಸಂಗದಿಂದಲೇ ಆರಂಭಿಸುತ್ತೇವೆ.

ಕಬ್ಬು ಕಡಿಯುವ ಹಂಗಾಮು ಮುಗಿದು ಟೋಳಿಗಳು ಊರಿಗೆ ಮರಳಿದ ದಿನಗಳು ಅವು. ಸಂಜೆಯ ಹೊತ್ತು ನಾವು ಏಳೆಂಟು ಜನ ಇಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆವು. ನಮ್ಮ ಕೈಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು, ಮುಂದೆ ಕಲಿಯಲು ಅನುಕೂಲವಿಲ್ಲದೆ ಕೊಯ್ತಾ ಹಿಡಿದ ತರುಣನೊಬ್ಬನು ಬಾಗಿಲಲ್ಲಿ ನಿಂತು, "ಗುರುಗಳ, ನಮ್ಮಂಥಾವ್ರು ಲೋಕಸಭಾಕ್ಕ ನಿಂತ್ರ ನಡೀತೈತೇನ್ರಿ?" ಎಂದು ಕೇಳಿದನು. ನಾವು ಉತ್ತರ ಕೊಡುವ ಮೊದಲೇ ಒಬ್ಬರು, "ಮೊದಲ ಮುಕಾದಮನ ಸಾಲಾ ಮುಟ್ಟಸು, ಆಮ್ಯಾಲ ದಿಲ್ಲಿಗೆ ಹೋಗೀಯಂತ" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆ ಹುಡುಗನು ಮರುಮಾತಾಡದೆ ಹೊರಟುಹೋದನು.

ಆ ನಗೆಯು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ. ಶಾಲೆಯಲ್ಲಿ ಅವನಿಗೆ ನಾಗರಿಕಶಾಸ್ತ್ರವನ್ನು ಕಲಿಸಿದವರು ನಾವೇ. ಪ್ರಜಾಪ್ರಭುತ್ವದಲ್ಲಿ ಎಲ್ಲರೂ ಸಮಾನರೆಂದು ಅವನಿಂದ ಕಂಠಪಾಠ ಮಾಡಿಸಿದವರೂ ನಾವೇ. ಅವನು ಆ ಪಾಠವನ್ನು ನಿಜವೆಂದು ನಂಬಿ ಪ್ರಶ್ನೆ ಕೇಳಿದಾಗ ನಕ್ಕವರೂ ನಾವೇ. ನಾಲ್ವರ ಎದುರಿನಲ್ಲಿ ನಕ್ಕ ತಪ್ಪಿಗೆ ನಾಲ್ವರ ಎದುರಿನಲ್ಲಿಯೇ ಉತ್ತರ ಹೇಳುವುದು ನ್ಯಾಯ. ಅದಕ್ಕಾಗಿಯೇ ಇಂದಿನ ಈ ಭಾಷಣ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಶಾಲೆಯ ಸೇವೆಯಲ್ಲಿರುವವರು. ಚುನಾವಣೆ ಬಂದಾಗ ಮತಗಟ್ಟೆಯ ಕೆಲಸಕ್ಕೆ ಹೋಗುವವರು. ಯಾವ ಉಮೇದುವಾರನ ಪರವಾಗಿಯೂ ನಾವು ಮತ ಕೇಳುವವರಲ್ಲ, ಕೇಳಲೂ ಕೂಡದು. ನಾವು ಹೇಳಹೊರಟಿರುವುದು ಒಂದು ಪ್ರಶ್ನೆಯ ಉತ್ತರವನ್ನು ಮಾತ್ರ.

ಕಾಯಿದೆಯ ಉತ್ತರವು ಬಹಳ ಚಿಕ್ಕದು. ನಮ್ಮ ಸಂವಿಧಾನದ 84ನೆಯ ಅನುಚ್ಛೇದದ ಪ್ರಕಾರ ಲೋಕಸಭೆಗೆ ನಿಲ್ಲುವವನು ಭಾರತದ ನಾಗರಿಕನಾಗಿರಬೇಕು, ಅವನಿಗೆ 25 ವರ್ಷ ತುಂಬಿರಬೇಕು. ಮತದಾರರ ಯಾದಿಯಲ್ಲಿ ಅವನ ಹೆಸರಿರಬೇಕು. ಇಷ್ಟು ಹೊಲವಿರಬೇಕು, ಇಂತಿಷ್ಟು ಓದಿರಬೇಕು, ಪಕ್ಷವೊಂದರ ಚೀಟಿ ಇರಬೇಕು ಎಂದು ಎಲ್ಲಿಯೂ ಬರೆದಿಲ್ಲ. ಹಾಗಾದರೆ ನಾವೆಲ್ಲ ನಕ್ಕದ್ದೇಕೆ? ಕಾಯಿದೆಯು ತೆರೆದ ಬಾಗಿಲನ್ನು ನಮ್ಮ ಮನಸ್ಸು ಮುಚ್ಚಿಕೊಂಡಿದೆ, ಅದಕ್ಕಾಗಿ.

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: "ಗುರುಗಳೇ, ಪಕ್ಷೇತರರು ಗೆಲ್ಲುವುದಿಲ್ಲವೆಂದು ಯಾರು ಹೇಳಿದರು? 2024ರಲ್ಲಿ ನಮ್ಮ ಜತ್ತ ತಾಲೂಕು ಸೇರಿರುವ ಸಾಂಗಲಿ ಕ್ಷೇತ್ರದಿಂದಲೇ ವಿಶಾಲ ಪಾಟೀಲರು ಪಕ್ಷೇತರರಾಗಿ ಆರಿಸಿ ಬಂದರಲ್ಲ? 2019ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶರು ಗೆದ್ದರಲ್ಲ?" ನಿಜ. ಆದರೆ ಮೊದಲನೆಯವರು ಮಾಜಿ ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಮೊಮ್ಮಗ. ಎರಡನೆಯವರು ಹೆಸರಾಂತ ಚಿತ್ರನಟಿ, ಅದೇ ಕ್ಷೇತ್ರದ ಸಂಸದರಾಗಿದ್ದ ನಟ ಅಂಬರೀಶರ ಪತ್ನಿ. ಅವರ ಯೋಗ್ಯತೆಯನ್ನು ಅಳೆಯುವುದು ನಮ್ಮ ಉದ್ದೇಶವಲ್ಲ. ಪಕ್ಷದ ಚೀಟಿ ಇಲ್ಲದಿದ್ದರೂ ಅವರ ಹೆಸರನ್ನು ಜನ ಮೊದಲೇ ಬಲ್ಲವರಾಗಿದ್ದರು ಎಂಬುದಷ್ಟೇ ಮಾತು. ಚೀಟಿಯೂ ಇಲ್ಲದ, ಮನೆತನದ ಹೆಸರೂ ಇಲ್ಲದ, ದಿನದ ದುಡಿಮೆಯನ್ನೇ ನಂಬಿದ ಮನುಷ್ಯನು ನಿಂತರೆ ಏನಾಗುತ್ತದೆ? ನಮ್ಮ ಹುಡುಗನ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ಹುಡುಕಲು ನಾವು ಸ್ವಲ್ಪ ದೂರ ಹೋಗಬೇಕು. ನಮ್ಮ ಲೋಕಸಭೆಗೆ ಬಹುಮಟ್ಟಿಗೆ ಮಾದರಿಯಾದ ಇಂಗ್ಲೆಂಡಿನ ಪಾರ್ಲಿಮೆಂಟಿಗೇ ಒಬ್ಬ ಗಣಿ ಕೂಲಿಕಾರನು ಹೀಗೆ ನಿಂತ ವೃತ್ತಾಂತವನ್ನು ತಮ್ಮ ಮುಂದೆ ಇಡುತ್ತೇವೆ.

ಅವನ ಹೆಸರು ಕೀರ್ ಹಾರ್ಡಿ. ಹುಟ್ಟಿದ್ದು 1856ರ ಆಗಸ್ಟ್ 15ರಂದು, ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್ ಎಂಬ ಕಲ್ಲಿದ್ದಲಿನ ಸೀಮೆಯಲ್ಲಿ. ತಾಯಿ ಮೇರಿ ಕೀರ್ ಹೊಲಮನೆಯ ಆಳಾಗಿ ದುಡಿಯುವವಳು. ಮದುವೆಗೆ ಮೊದಲೇ ಹುಟ್ಟಿದ ಮಗ ಅವನು. ಮುಂದೆ ಅವಳ ಕೈಹಿಡಿದ ಡೇವಿಡ್ ಹಾರ್ಡಿಯು ಹಡಗುಗಳ ಬಡಗಿ. ಶಾಲೆಯ ಕಟ್ಟೆಯನ್ನು ಹತ್ತುವ ಭಾಗ್ಯ ಹುಡುಗನಿಗೆ ಇರಲಿಲ್ಲ. ಎಂಟರ ಪ್ರಾಯದೊಳಗೇ ದುಡಿಮೆಗೆ ಇಳಿದನು. ಅಕ್ಷರ ಕಲಿಸಿದವರು ಮನೆಯವರೇ, ರಾತ್ರಿಯ ಹೊತ್ತು.

ಅವನು ರೊಟ್ಟಿ ಅಂಗಡಿಯೊಂದರಲ್ಲಿ ಸಾಮಾನು ಮುಟ್ಟಿಸುವ ಹುಡುಗನಾಗಿದ್ದಾಗ ತಂದೆಗೆ ಕೆಲಸವಿರಲಿಲ್ಲ, ತಾಯಿ ತುಂಬು ಗರ್ಭಿಣಿ, ತಮ್ಮನು ಹಾಸಿಗೆ ಹಿಡಿದಿದ್ದನು. ತಮ್ಮನ ಬಳಿ ರಾತ್ರಿ ಎಚ್ಚರವಿದ್ದು ಬೆಳಿಗ್ಗೆ ತಡವಾಗಿ ಹೋದ ತಪ್ಪಿಗೆ ಯಜಮಾನನು ಅವನನ್ನು ಕೆಲಸದಿಂದ ತೆಗೆದು, ಆ ವಾರದ ಕೂಲಿಯನ್ನೂ ಮುಟ್ಟುಗೋಲು ಹಾಕಿಕೊಂಡನು. ಮನೆಯಲ್ಲಿ ದುಡಿಯುವ ಕೈ ಅದೊಂದೇ ಆಗಿತ್ತು. ಈ ಸಂಗತಿಯನ್ನು ಹಾರ್ಡಿಯು ಮುದುಕನಾಗುವವರೆಗೂ ಮರೆಯಲಿಲ್ಲ.

ಹತ್ತನೆಯ ವರ್ಷಕ್ಕೆ ಅವನು ಗಣಿಯೊಳಗೆ ಇಳಿದನು. ಗಾಳಿಯಾಡುವುದಕ್ಕಾಗಿ ಸುರಂಗದಲ್ಲಿ ಇಟ್ಟ ಬಾಗಿಲನ್ನು ತೆರೆಯುವುದು, ಮುಚ್ಚುವುದು. ಕತ್ತಲೆಯಲ್ಲಿ ಒಬ್ಬನೇ ಕುಳಿತಿರುವುದು. ದೀಪದ ಮಸಿಯ ಮೇಲೆ ಗೀಚಿ ಶೀಘ್ರಲಿಪಿಯನ್ನು ಕಲಿತನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ನಮ್ಮ ಶಾಲೆಯ ಮಕ್ಕಳು ಈ ಮಾತನ್ನು ಕಿವಿಗೊಟ್ಟು ಕೇಳಬೇಕು.

ಪ್ರಾಯಕ್ಕೆ ಬಂದ ಮೇಲೆ ಅವನು ಗಣಿ ಕೆಲಸಗಾರರ ಸಂಘವನ್ನು ಕಟ್ಟಲು ತೊಡಗಿದನು. ಒಡೆಯರು ಅವನನ್ನೂ ಅವನ ತಮ್ಮಂದಿರನ್ನೂ ಕೆಲಸದಿಂದ ಹೊರಗೆ ಹಾಕಿದರು; ಆ ಸೀಮೆಯ ಯಾವ ಗಣಿಯಲ್ಲಿಯೂ ಅವನಿಗೆ ಕೆಲಸ ಸಿಗದಂತಾಯಿತು. ಕೊಯ್ತಾ ಹಿಡಿಯುವ ನಮ್ಮ ಸಹೋದರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಬ್ಬ ಮುಕಾದಮನ ಕಣ್ಣಿಗೆ ಬೇಡವಾದವನು ಹತ್ತು ಮುಕಾದಮರಿಗೆ ಬೇಡವಾಗುತ್ತಾನೆ. ಹಾರ್ಡಿಯು ಏರ್‌ಶೈರಿನ ಕಮ್ನಕ್ ಎಂಬ ಊರಿನಲ್ಲಿ ನೆಲೆಸಿ, ಸ್ಥಳೀಯ ಪತ್ರಿಕೆಗಳಿಗೆ ಬರೆಯುತ್ತ, ಸಂಘದ ಕೆಲಸವನ್ನು ಮುಂದುವರಿಸಿದನು.

ಇನ್ನು ಚುನಾವಣೆಯ ಮಾತು. ಆ ಕಾಲದ ಪಾರ್ಲಿಮೆಂಟಿನ ಸ್ಥಿತಿಯನ್ನು ಮೊದಲು ತಿಳಿಯಬೇಕು. ಸದಸ್ಯರಿಗೆ ಸಂಬಳವಿರಲಿಲ್ಲ, ಅದು ಬಂದದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡು. ಚುನಾವಣೆಯನ್ನು ನಡೆಸುವ ಅಧಿಕಾರಿಯ ಖರ್ಚನ್ನು ಸಹ ಉಮೇದುವಾರರೇ ಹೊರಬೇಕಾಗಿತ್ತು. ಆ ಹೊರೆ ಇಳಿದದ್ದು 1918ರಲ್ಲಿ. ಹೆಂಗಸರಿಗೆ ಮತವಿರಲಿಲ್ಲ. 1884ರ ಸುಧಾರಣೆಯ ತರುವಾಯವೂ ಪ್ರಾಯದ ಗಂಡಸರಲ್ಲಿ ಐವರಲ್ಲಿ ಸುಮಾರು ಇಬ್ಬರಿಗೆ ಮತವಿರಲಿಲ್ಲ. ಹೀಗಿದ್ದರೂ 1874ರಲ್ಲಿಯೇ ಅಲೆಗ್ಸಾಂಡರ್ ಮ್ಯಾಕ್‌ಡೊನಾಲ್ಡ್, ಥಾಮಸ್ ಬರ್ಟ್ ಎಂಬ ಇಬ್ಬರು ಗಣಿಯ ಕೆಲಸಗಾರರು ಆರಿಸಿ ಬಂದಿದ್ದರು. ಆದರೆ ಅವರು ಲಿಬರಲ್ ಪಕ್ಷದ ಆಶ್ರಯದಲ್ಲಿದ್ದವರು. ಅದೇ ಪಕ್ಷದಲ್ಲಿ ಗಣಿಯ ಒಡೆಯರೂ ಇದ್ದರು. ಒಡೆಯನಿಗೂ ಆಳಿಗೂ ಜಗಳ ಬಂದಾಗ ಒಂದೇ ಛತ್ರಿಯ ಕೆಳಗೆ ನಿಂತ ಆಳಿನ ಪ್ರತಿನಿಧಿಯು ಎಷ್ಟು ದೂರ ಮಾತಾಡಬಲ್ಲನು?

1888ರಲ್ಲಿ ಮಿಡ್ ಲ್ಯಾನಾರ್ಕ್ ಕ್ಷೇತ್ರದಲ್ಲಿ ಉಪಚುನಾವಣೆ ಬಂತು. ಹಾರ್ಡಿಯು ಮೊದಲು ಲಿಬರಲ್ ಪಕ್ಷದ ಉಮೇದುವಾರಿಕೆಯನ್ನೇ ಕೇಳಿದನು. ಗಣಿ ಕೆಲಸಗಾರರೇ ತುಂಬಿದ ಆ ಕ್ಷೇತ್ರಕ್ಕೆ ಪಕ್ಷದವರು ಹೊರಗಿನ ವಕೀಲನೊಬ್ಬನನ್ನು ಗೊತ್ತುಮಾಡಿದರು. ಆಗ ಹಾರ್ಡಿಯು ಸ್ವತಂತ್ರನಾಗಿ ನಿಲ್ಲುವೆನೆಂದು ಸಾರಿದನು. ಪಕ್ಷದ ಹಿರಿಯರು ಅವನನ್ನು ಕರೆದು, ಈಗ ಹಿಂದೆ ಸರಿದರೆ ಮುಂದಿನ ಸಲ ಗೆಲ್ಲುವಂಥ ಕ್ಷೇತ್ರವನ್ನೂ ಚುನಾವಣೆಯ ಖರ್ಚನ್ನೂ ವರ್ಷಕ್ಕೆ 300 ಪೌಂಡುಗಳನ್ನೂ ಕೊಡುವುದಾಗಿ ಆಸೆ ತೋರಿಸಿದರು. ಕೈಯಲ್ಲಿ ಕಾಸಿಲ್ಲದ, ಹೆಂಡತಿ ಮಕ್ಕಳುಳ್ಳ ಮನುಷ್ಯ. ಒಪ್ಪಿದ್ದರೆ ಊರವರು ಜಾಣನೆಂದೇ ಹೊಗಳುತ್ತಿದ್ದರು. ಅವನು ಒಪ್ಪಲಿಲ್ಲ.

ಫಲಿತಾಂಶವನ್ನು ಕೇಳಿರಿ. ಲಿಬರಲ್ ವಕೀಲನಿಗೆ 3,847. ಕನ್ಸರ್ವೇಟಿವ್ ಪಕ್ಷದವನಿಗೆ 2,917. ಕೀರ್ ಹಾರ್ಡಿಗೆ 617.

ನಮ್ಮ ಊರಾಗಿದ್ದರೆ ಏನೆನ್ನುತ್ತಿದ್ದೆವು? "ಮತಗಳು ಹಾಳಾದವು, ಮಾನವೂ ಹೋಯಿತು" ಎನ್ನುತ್ತಿದ್ದೆವು. ಆದರೆ ಆ 617 ಮತಗಳು ಹಾಳಾಗಲಿಲ್ಲ. ನಾಲ್ಕೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಕಾರ್ಮಿಕ ಪಕ್ಷವೊಂದು ಸ್ಥಾಪಿತವಾಯಿತು, ಹಾರ್ಡಿಯು ಅದರ ಕಾರ್ಯದರ್ಶಿಯಾದನು. ಕಟ್ಟೆಯ ಮೇಲೆ ಮೊದಲನೆಯ ಕಲ್ಲನ್ನು ಇಟ್ಟವರು ಆ 617 ಜನ.

ನಾಲ್ಕು ವರ್ಷಗಳ ಮೇಲೆ, 1892ರಲ್ಲಿ, ಲಂಡನ್ನಿಗೆ ಹೊಂದಿದ ವೆಸ್ಟ್ ಹ್ಯಾಮ್ ದಕ್ಷಿಣ ಎಂಬ ಕ್ಷೇತ್ರದಿಂದ ಹಾರ್ಡಿಯು ಮತ್ತೆ ಸ್ವತಂತ್ರನಾಗಿ ನಿಂತನು. ಅದು ಹಡಗುಕಟ್ಟೆಗಳ ಹಮಾಲರೂ ಗ್ಯಾಸು ಕಾರ್ಖಾನೆಗಳ ಕೆಲಸಗಾರರೂ ತುಂಬಿದ ಪ್ರದೇಶ. ಅಲ್ಲಿ 1889ರಲ್ಲಿ ಎರಡು ದೊಡ್ಡ ಸಂಗತಿಗಳು ನಡೆದಿದ್ದವು. ಗ್ಯಾಸು ಕೆಲಸಗಾರರು ಸಂಘ ಕಟ್ಟಿ ಹನ್ನೆರಡು ತಾಸಿನ ಪಾಳಿಯನ್ನು ಎಂಟು ತಾಸಿಗೆ ಇಳಿಸಿಕೊಂಡಿದ್ದರು. ಹಡಗುಕಟ್ಟೆಯ ಹಮಾಲರು ತಾಸಿಗೆ ಆರು ಪೆನ್ನಿ ಕೂಲಿ ಬೇಕೆಂದು ಸುಮಾರು ಐದು ವಾರ ಮುಷ್ಕರ ಹೂಡಿ ಗೆದ್ದಿದ್ದರು. ಅವರೇ ಈಗ ಹಾರ್ಡಿಯ ಬೆನ್ನಿಗೆ ನಿಂತರು. ಲಿಬರಲ್ ಪಕ್ಷದ ಉಮೇದುವಾರನು ಕಣದಲ್ಲಿರಲಿಲ್ಲ. ಇದೂ ಅನುಕೂಲವಾಯಿತೆಂಬುದನ್ನು ಮರೆಮಾಚಬಾರದು. ಹಾರ್ಡಿಗೆ 5,268 ಮತ, ಎದುರಾಳಿಗೆ 4,036. ಗಣಿಯ ಕತ್ತಲೆಯಲ್ಲಿ ಬಾಗಿಲು ಕಾಯುತ್ತಿದ್ದ ಹುಡುಗನು ಪಾರ್ಲಿಮೆಂಟಿನ ಬಾಗಿಲನ್ನು ದಾಟಿದನು.

ಆ ಸಭೆಯ ಸದಸ್ಯರು ರೇಶಿಮೆಯ ಎತ್ತರದ ಟೊಪ್ಪಿಗೆ, ಉದ್ದನೆಯ ಕರಿಯ ಕೋಟು ಧರಿಸಿ ಬರುವ ಕಾಲ. ಹಾರ್ಡಿಯು ಉಣ್ಣೆಯ ದಪ್ಪ ಅಂಗಿ, ಬಟ್ಟೆಯ ಟೊಪ್ಪಿಗೆ ಹಾಕಿಕೊಂಡು ಹೋದನು. ಬಾಗಿಲಿನ ಪೋಲೀಸನು ಅವನನ್ನು ಕಂಡು, ಛಾವಣಿ ರಿಪೇರಿಗೆ ಬಂದ ಕೆಲಸಗಾರನೆಂದು ತಿಳಿದನೆಂದು ಒಂದು ಕಥೆಯೂ ಹುಟ್ಟಿಕೊಂಡಿದೆ. ಪತ್ರಿಕೆಗಳು ಆ ಟೊಪ್ಪಿಗೆಯನ್ನು ಗೇಲಿ ಮಾಡಿದವು. ಬಟ್ಟೆಯಲ್ಲಿ ಏನಿದೆ ಎಂದು ಕೇಳಬಹುದು. ತನ್ನ ಜನ ನೋಡಿದರೆ ತನ್ನನ್ನು ಗುರುತಿಸಬೇಕೆಂಬ ಅಭಿಮಾನವೇ ಅದರಲ್ಲಿತ್ತೆಂದು ನಾವು ತಿಳಿಯುತ್ತೇವೆ.

ಒಳಗೆ ಹೋದ ಒಬ್ಬನಿಂದ ಏನಾಯಿತು? ಸತ್ಯವನ್ನೇ ಹೇಳಬೇಕು. 1893ರಲ್ಲಿ ಅವನು ಕೆಲಸವಿಲ್ಲದವರ ಸಂಕಟವನ್ನು ಕುರಿತು ತಿದ್ದುಪಡಿಯೊಂದನ್ನು ಮಂಡಿಸಿದನು. 109ಕ್ಕೆ 276 ಮತಗಳಿಂದ ಅದು ಬಿದ್ದಿತು. ಆದರೆ ಅಲ್ಲಿಂದ ಮುಂದೆ ಅವನಿಗೆ "ನಿರುದ್ಯೋಗಿಗಳ ಸದಸ್ಯ" ಎಂಬ ಹೆಸರು ನಿಂತಿತು.

1894ರ ಜೂನ್ 23ರಂದು ವೇಲ್ಸ್ ಸೀಮೆಯ ಆಲ್ಬಿಯನ್ ಗಣಿಯಲ್ಲಿ ಸ್ಫೋಟವಾಗಿ 290 ಜನ ಸತ್ತರು. ಅದೇ ದಿನ ರಾಜಮನೆತನದಲ್ಲಿ ಒಂದು ಗಂಡು ಕೂಸು ಹುಟ್ಟಿತು. ಪಾರ್ಲಿಮೆಂಟು ಕೂಸಿಗೆ ಅಭಿನಂದನೆ ಸಲ್ಲಿಸಲು ಸಿದ್ಧವಾಯಿತು. ಗಣಿಯಲ್ಲಿ ಸತ್ತವರ ಮನೆಯವರಿಗೆ ಸಂತಾಪದ ಒಂದು ಮಾತನ್ನೂ ಸೇರಿಸಬೇಕೆಂದು ಹಾರ್ಡಿಯು ಕೇಳಿದನು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಆಗ ಅವನು ಎದ್ದು ನಿಂತು ಅಭಿನಂದನೆಯ ಗೊತ್ತುವಳಿಯನ್ನೇ ವಿರೋಧಿಸಿದನು. ಸಭೆಯೆಲ್ಲ ಅವನ ಮೇಲೆ ಕೂಗಾಡಿತು; ಅವನ ಪಕ್ಕಕ್ಕೆ ಒಬ್ಬನೂ ನಿಲ್ಲಲಿಲ್ಲ. ಆದರೆ ಗಣಿಯ ಸೀಮೆಯಲ್ಲಿ ಗಂಡನನ್ನು, ಮಗನನ್ನು ಕಳೆದುಕೊಂಡ ಮನೆಗಳಿಗೆ ಅಂದು ಒಂದು ವಿಷಯ ತಿಳಿಯಿತು: ಅಷ್ಟು ದೊಡ್ಡ ಸಭೆಯಲ್ಲಿ ನಮ್ಮ ಸತ್ತವರನ್ನು ಲೆಕ್ಕಕ್ಕೆ ಹಿಡಿದವನು ಒಬ್ಬನಿದ್ದಾನೆ. ಒಬ್ಬ ಪ್ರತಿನಿಧಿಯು ಕಾಯಿದೆಯನ್ನು ಮಾಡಿಸಲಾರನು. ಆದರೆ ತನ್ನವರ ಹೆಸರನ್ನು ಮರೆಯಲು ಬಿಡದಿರಬಲ್ಲನು.

ಮರುವರ್ಷ, 1895ರಲ್ಲಿ, ಹಾರ್ಡಿಯು 775 ಮತಗಳಿಂದ ಸೋತನು. ಲಿಬರಲ್ ಪಕ್ಷವನ್ನು ಎಡೆಬಿಡದೆ ಟೀಕಿಸಿದ್ದರಿಂದ ಅವರ ಕಡೆಯ ಬೆಂಬಲವು ತಪ್ಪಿಹೋಗಿತ್ತು. ಸ್ವತಂತ್ರವಾಗಿ ನಿಲ್ಲುವವನು ಈ ಬೆಲೆಯನ್ನೂ ತೆರಬೇಕಾಗುತ್ತದೆ. ಇನ್ನೊಂದು ಬೆಲೆಯನ್ನು ಕಮ್ನಕ್ಕಿನ ಮನೆಯಲ್ಲಿ ಅವನ ಹೆಂಡತಿ ಲಿಲ್ಲಿಯು ತೆತ್ತಳು. ಗಂಡನು ದೇಶ ತಿರುಗುತ್ತಿದ್ದಾಗ ಬಡತನದಲ್ಲಿ ಮಕ್ಕಳನ್ನು ಸಾಕಿದವಳು ಅವಳು. ನಮ್ಮ ಸಭೆಗಳಲ್ಲಿ ಹಾರ ಬೀಳುವುದು ಗಂಡಸರ ಕೊರಳಿಗೆ. ಭಾರ ಬೀಳುವುದು ಯಾರ ಹೆಗಲಿಗೆಂಬುದನ್ನು ಇಲ್ಲಿ ಕುಳಿತ ತಾಯಂದಿರು ಬಲ್ಲರು.

ಈಗ ನಮ್ಮ ಮಾತಿನ ತಿರುಳಿಗೆ ಬರುತ್ತೇವೆ. 1892ರಲ್ಲಿ ಸ್ವತಂತ್ರ ಕಾರ್ಮಿಕರೆಂದು ಗೆದ್ದವನು ಹಾರ್ಡಿಯೊಬ್ಬನೇ ಅಲ್ಲ, ಮೂವರು ಗೆದ್ದರು. ಎರಡನೆಯವನು ಜಾನ್ ಬರ್ನ್ಸ್, ಯಂತ್ರ ಕೆಲಸಗಾರ, ಹಮಾಲರ ಮುಷ್ಕರದ ಮುಂದಾಳು, ಆ ಕಾಲದ ಬಹು ದೊಡ್ಡ ವಾಗ್ಮಿ. ಮೂರನೆಯವನು ಹ್ಯಾವ್‌ಲಾಕ್ ವಿಲ್ಸನ್, ಹಡಗಿನ ನಾವಿಕ, ನಾವಿಕರ ಸಂಘದ ಸ್ಥಾಪಕ. ಮೂವರೂ ದುಡಿಮೆಯಿಂದ ಬಂದವರು, ಮೂವರೂ ಸಂಘ ಕಟ್ಟಿದವರು. ಆದರೆ ವಿಲ್ಸನ್ ಬೇಗನೆ ಲಿಬರಲ್ ಪಕ್ಷದವರ ಸಾಲಿಗೆ ಸರಿದನು. ಬರ್ನ್ಸ್‌ನು ಕ್ರಮೇಣ ಅದೇ ದಾರಿ ಹಿಡಿದು, 1905ರಲ್ಲಿ ಲಿಬರಲ್ ಸರಕಾರದ ಮಂತ್ರಿಯಾದನು. ಆ ದೇಶದಲ್ಲಿ ಮಂತ್ರಿಮಂಡಲವನ್ನು ಸೇರಿದ ಮೊದಲನೆಯ ಕಾರ್ಮಿಕನೆಂಬ ಕೀರ್ತಿ ಅವನದು. 1914ರಲ್ಲಿ ಯುದ್ಧವನ್ನು ಒಪ್ಪದೆ ಪದವಿಯನ್ನೇ ತ್ಯಜಿಸಿದ ಧೀರನೂ ಹೌದು. ಆದರೆ ಅವನನ್ನು ಮೇಲಕ್ಕೆ ಎತ್ತಿದ ಕಾರ್ಮಿಕ ಚಳವಳಿಗೂ ಅವನಿಗೂ ಅಷ್ಟು ಹೊತ್ತಿಗೆ ದೂರವಾಗಿತ್ತು.

ಹಾರ್ಡಿಯು ಹಿಡಿದ ದಾರಿ ಬೇರೆ. 1893ರಲ್ಲಿಯೇ ಬ್ರಾಡ್‌ಫರ್ಡ್ ನಗರದಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷವು ಅವನ ನೇತೃತ್ವದಲ್ಲಿ ಹುಟ್ಟಿತು. 1900ರಲ್ಲಿ ಕಾರ್ಮಿಕ ಸಂಘಗಳೂ ಇಂಥ ಪಕ್ಷಗಳೂ ಕೂಡಿ ಕಾರ್ಮಿಕ ಪ್ರಾತಿನಿಧ್ಯ ಸಮಿತಿಯನ್ನು ರಚಿಸಿದವು. ಆ ವರ್ಷ ಸಮಿತಿಯಿಂದ ಇಬ್ಬರು ಗೆದ್ದರು. 1906ರಲ್ಲಿ 29 ಜನ ಗೆದ್ದರು. ಇದೇ ಮುಂದೆ ಇಂಗ್ಲೆಂಡನ್ನು ಆಳಿದ ಲೇಬರ್ ಪಕ್ಷ. ಭಾರತವು ಸ್ವತಂತ್ರವಾದ 1947ರಲ್ಲಿ ಅಲ್ಲಿ ಅಧಿಕಾರದಲ್ಲಿದ್ದುದು ಇದೇ ಪಕ್ಷ. ಹಾರ್ಡಿಯು 1907ರಲ್ಲಿ ನಮ್ಮ ದೇಶಕ್ಕೂ ಬಂದು ತಿರುಗಾಡಿ, ಕೆನಡಾ ಮೊದಲಾದ ಸೀಮೆಗಳಿಗಿರುವಂಥ ಸ್ವಯಮಾಡಳಿತವು ಹಿಂದೀ ಜನರಿಗೂ ಬೇಕೆಂದು ವಾದಿಸಿದನು. ಅದಕ್ಕಾಗಿ ಅವನ ನಾಡಿನ ಪತ್ರಿಕೆಗಳು ಅವನನ್ನು ಚೆನ್ನಾಗಿಯೇ ಬೈದವು. 1915ರಲ್ಲಿ ಅವನು ತೀರಿಕೊಂಡನು. ಅವನು ಹುಟ್ಟಿದ ಆಗಸ್ಟ್ 15ನೆಯ ದಿನವೇ ನಮಗೆ ಸ್ವಾತಂತ್ರ್ಯದ ದಿನವಾದದ್ದು ಕಾಕತಾಳೀಯವಾದರೂ ನೆನಪಿನಲ್ಲಿಡಲು ಇಂಪಾಗಿದೆ.

ಹಾಗಾದರೆ "ಸ್ವತಂತ್ರ" ಎಂಬ ಪದದ ಅರ್ಥವೇನು? ಒಡೆಯರಿಂದ, ಒಡೆಯರ ಪಕ್ಷಗಳಿಂದ ಸ್ವತಂತ್ರನಾಗಿರಬೇಕು. ತನ್ನನ್ನು ಕಳಿಸಿದ ದುಡಿಯುವ ಜನರಿಂದ ಸ್ವತಂತ್ರನಾಗಬಾರದು. ಹಾರ್ಡಿಯು ಈ ಎರಡನ್ನೂ ಪಾಲಿಸಿದನು. ಪಕ್ಷದ ಹಂಗಿಲ್ಲ, ಜನರ ಹಂಗೂ ಇಲ್ಲ ಎನ್ನುವವನು ಸ್ವತಂತ್ರನಲ್ಲ. ಅವನು ಮೂಗುದಾರವಿಲ್ಲದ ಎತ್ತು.

ಈಗ ನಮ್ಮ ದೇಶಕ್ಕೆ ಮರಳೋಣ. ಮೊದಲನೆಯ ಲೋಕಸಭೆಗೆ 37 ಜನ ಪಕ್ಷೇತರರು ಆರಿಸಿ ಬಂದಿದ್ದರು. 1957ರಲ್ಲಿ 42 ಜನ. ಗಡಿಯ ಕನ್ನಡಿಗರಿಗೂ ಇದು ಹೊಸತಲ್ಲ. 1957ರಲ್ಲಿ ಕಾಸರಗೋಡು ಸೀಮೆಯ ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ, ಎದುರಾಳಿಯೇ ಇಲ್ಲದೆ, ಕೇರಳದ ಮೊದಲನೆಯ ವಿಧಾನಸಭೆಗೆ ಹೋದರು. ಆದರೆ ಬರಬರುತ್ತ ಪಕ್ಷಗಳ ಬಲ ಹೆಚ್ಚಿತು. 2024ರಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ ಪಕ್ಷೇತರರಿಗೆ ದೊರೆತದ್ದು 7.

1996ರಲ್ಲಿ ದೇಶದಲ್ಲೆಲ್ಲ ಹತ್ತು ಸಾವಿರಕ್ಕೂ ಮಿಕ್ಕಿ ಪಕ್ಷೇತರರು ನಿಂತು, 9 ಜನ ಗೆದ್ದರು. ಆ ವರ್ಷ ನಲಗೊಂಡ ಕ್ಷೇತ್ರವೊಂದರಲ್ಲಿಯೇ 480 ಉಮೇದುವಾರರು. ಅಲ್ಲಿಯವರಿಗೆ ಫ್ಲೋರೈಡು ಬೆರೆತ ವಿಷದ ನೀರಿನ ಸಂಕಟವನ್ನು ದೇಶಕ್ಕೆ ಕೇಳಿಸಬೇಕಾಗಿತ್ತು. ನಮ್ಮ ನೆರೆಯ ಬೆಳಗಾವಿಯಲ್ಲಿ 456 ಜನ ನಿಂತಿದ್ದರು. ಇದಾದ ಬಳಿಕ ಸರಕಾರವು ಕಾಯಿದೆಯನ್ನು ಬಿಗಿಮಾಡಿತು. 500 ರೂಪಾಯಿ ಇದ್ದ ಠೇವಣಿಯು 10,000ಕ್ಕೆ ಏರಿ, ಈಗ 25,000 ಆಗಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಮನ್ನಣೆ ಪಡೆದ ಪಕ್ಷದ ಉಮೇದುವಾರನಿಗೆ ಒಬ್ಬ ಸೂಚಕನು ಸಾಕು. ಪಕ್ಷೇತರನಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಮಾಡಬೇಕು. ಸೋತವನು ಬಿದ್ದ ಸಿಂಧು ಮತಗಳ ಆರನೆಯ ಒಂದು ಪಾಲಿಗಿಂತ ಹೆಚ್ಚು ಪಡೆಯದಿದ್ದರೆ ಠೇವಣಿ ಹೋಗುತ್ತದೆ. ಮತಯಂತ್ರದ ಮೇಲೆ ಪಕ್ಷದವರ ಹೆಸರುಗಳು ಮೊದಲು, ಪಕ್ಷೇತರರ ಹೆಸರುಗಳು ಕೊನೆಗೆ. ಹಾರ್ಡಿಯ ಕ್ಷೇತ್ರದಲ್ಲಿ ಇಬ್ಬರಿಗೂ ಸೇರಿ ಬಿದ್ದ ಮತಗಳು ಹತ್ತು ಸಾವಿರವನ್ನು ಮುಟ್ಟಲಿಲ್ಲ. ನಮ್ಮ ಒಂದೊಂದು ಲೋಕಸಭಾ ಕ್ಷೇತ್ರದಲ್ಲಿ ಇಂದು ಹದಿನೈದು ಲಕ್ಷಕ್ಕೂ ಮಿಕ್ಕಿದ ಮತದಾರರು ಇರುವುದುಂಟು. ಇಷ್ಟು ಕಷ್ಟವಿದೆಯೆಂಬುದನ್ನು ಬಚ್ಚಿಟ್ಟು ತರುಣರನ್ನು ಹುರಿದುಂಬಿಸುವುದು ಗುರುವಿನ ಲಕ್ಷಣವಲ್ಲ.

ಆದರೆ ಕಾಯಿದೆಯಲ್ಲಿ ಅನುಕೂಲವಾದ ಎರಡು ಮಾತುಗಳೂ ಇವೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದಾದರೂ ಪಕ್ಷವನ್ನು ಸೇರಿದರೆ ತನ್ನ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಬರ್ನ್ಸ್ ಹಿಡಿದ ದಾರಿಗೆ ನಮ್ಮಲ್ಲಿ ಇಷ್ಟಾದರೂ ಅಡ್ಡಗೋಡೆ ಇದೆ. ಎರಡನೆಯದು ಭಾಷೆಯ ಮಾತು. "ನಮಗೆ ಹಿಂದಿ ಬಾರದು, ಇಂಗ್ಲಿಷು ಬಾರದು, ಅಲ್ಲಿ ಹೋಗಿ ಏನು ಮಾತಾಡುವುದು?" ಎಂದು ನಮ್ಮವರು ಅಂಜುತ್ತಾರೆ. ಸಂವಿಧಾನದ 120ನೆಯ ಅನುಚ್ಛೇದವು, ಈ ಎರಡು ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಹೇಳುತ್ತದೆ. ಜತ್ತಿನ ಕನ್ನಡವು ದಿಲ್ಲಿಯಲ್ಲಿ ನಾಚಿಕೊಳ್ಳಬೇಕಾಗಿಲ್ಲ.

ಭಾಷೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇವೆ. ಕೆಲವರಿಗೆ ಇದು ರುಚಿಸದಿರಬಹುದು. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಮರಾಠಿ ಮಾತಾಡುವವರೇ ಬಹುಸಂಖ್ಯರು. ಕನ್ನಡ ಮಾತಾಡುವವರ ಮತಗಳಿಂದಷ್ಟೇ ಯಾರೂ ಗೆಲ್ಲಲಾರರು. ಆದರೆ ಕಬ್ಬಿನ ಫಡದಲ್ಲಿ ನಮ್ಮ ಟೋಳಿಯ ಪಕ್ಕದಲ್ಲಿ ಮರಾಠಿ ಟೋಳಿಯೂ ಇರುತ್ತದೆ. ಇಬ್ಬರ ಬೆನ್ನೂ ಒಂದೇ ರೀತಿ ನೋಯುತ್ತದೆ. ಹಾರ್ಡಿಯು ಸ್ಕಾಟ್ಲೆಂಡಿನವನು. ಮೊದಲು ಗೆಲ್ಲಿಸಿದವರು ಲಂಡನ್ನಿನ ಹಮಾಲರು. 1900ರಿಂದ ಸಾಯುವವರೆಗೆ ಗೆಲ್ಲಿಸಿದವರು ವೇಲ್ಸ್ ಸೀಮೆಯ ಮರ್ಥರ್ ಟಿಡ್‌ವಿಲ್ ಕ್ಷೇತ್ರದವರು, ಅವರಲ್ಲಿ ಬಹಳ ಜನ ವೆಲ್ಷ್ ಭಾಷೆಯವರು. ತನ್ನ ನುಡಿಯನ್ನು ಬಿಡದೆ ನೆರೆಯವನ ನೋವನ್ನು ಅವನ ನುಡಿಯಲ್ಲಿ ಕೇಳಬಲ್ಲವನು ಮಾತ್ರ ಇಂಥ ಕ್ಷೇತ್ರದಲ್ಲಿ ನಿಲ್ಲಲು ಯೋಗ್ಯನು.

ಕೊನೆಯದಾಗಿ, ಪಕ್ಷೇತರನೆಂದು ಯಾರೇ ನಿಮ್ಮ ಬಾಗಿಲಿಗೆ ಬರಲಿ, ಮೂರು ಪ್ರಶ್ನೆಗಳನ್ನು ಕೇಳಿರಿ. ಒಂದು: ಚುನಾವಣೆ ಬರುವ ಮೊದಲು ನೀನು ಎಲ್ಲಿದ್ದೆ, ಯಾರ ಜಗಳದಲ್ಲಿ ಯಾರ ಪಕ್ಕಕ್ಕೆ ನಿಂತೆ? ಎರಡು: ನಿನ್ನ ಠೇವಣಿಯ ಹಣ ಯಾರದು? ಬೇರೊಬ್ಬರ ಮತ ಒಡೆಯಲೆಂದು, ಕೆಲವೊಮ್ಮೆ ಹೆಸರಿಗೆ ಹೆಸರು ಹೊಂದಿಸಿ, ಬಾಡಿಗೆಯ ಪಕ್ಷೇತರರನ್ನು ನಿಲ್ಲಿಸುವ ರೂಢಿ ನಮ್ಮಲ್ಲಿ ಉಂಟು. ಮೂರು: ಗೆದ್ದರೂ ಸೋತರೂ ಲೆಕ್ಕವನ್ನು ಯಾರಿಗೆ ಒಪ್ಪಿಸುತ್ತೀ? ಈ ಮೂರಕ್ಕೂ ನೆಟ್ಟನೆಯ ಉತ್ತರ ಕೊಟ್ಟವನು ಕೂಲಿಕಾರನಾದರೂ ನಗಬೇಡಿರಿ. ಉತ್ತರ ಕೊಡದವನು ಕಾರಿನಲ್ಲಿ ಬಂದರೂ ಅಂಜಬೇಡಿರಿ.

ಇನ್ನು ಆ ತರುಣನಿಗೆ ನಮ್ಮ ಉತ್ತರ. ಅವನು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವುದನ್ನು ನಾವು ಕಂಡಿದ್ದೇವೆ. ತಮ್ಮಾ, ನಿಲ್ಲಬಹುದು. ಕಾಯಿದೆ ನಿನ್ನನ್ನು ತಡೆಯುವುದಿಲ್ಲ. ನಾವೂ ಇನ್ನು ನಗುವುದಿಲ್ಲ. ಆದರೆ ನಾಮಪತ್ರಕ್ಕಿಂತ ಮೊದಲು ಸಂಘವನ್ನು ಕಟ್ಟು. ಹೋದ ವರ್ಷ ಯಾರಿಗೆ ಎಷ್ಟು ಮುಂಗಡ ಸಿಕ್ಕಿತು, ಎಷ್ಟು ಕಡಿತವಾಯಿತು, ಗಾಡಿಯಿಂದ ಬಿದ್ದವನಿಗೆ ಯಾರು ಔಷಧದ ಖರ್ಚು ಕೊಟ್ಟರು, ಟೋಳಿಯೊಡನೆ ಹೋದ ಮಕ್ಕಳಲ್ಲಿ ಎಷ್ಟು ಜನ ಶಾಲೆ ಬಿಟ್ಟರು ಎಂಬುದನ್ನು ಒಂದು ವಹಿಯಲ್ಲಿ ಬರೆಯಲು ಆರಂಭಿಸು. ಅಕ್ಷರವನ್ನು ನಾವು ನಿನಗೆ ಕಲಿಸಿದ್ದು ಅದಕ್ಕಾಗಿಯೇ. ವಹಿಯನ್ನು ಈ ವಾಚನಾಲಯದ ಕಪಾಟಿನಲ್ಲಿ ಇಡೋಣ. ಹತ್ತು ಜನ ಸೂಚಕರು ತಾವಾಗಿಯೇ ಬಂದು ನಿನ್ನ ಹೆಸರನ್ನು ಹೇಳುವ ದಿನ ಬಂದರೆ, ಆಗ ಹೋಗಿ ನಿಲ್ಲು. 617 ಮತಗಳು ಬಂದರೂ ತಲೆ ತಗ್ಗಿಸಬೇಡ.